ಕ್ಯೂನಲ್ಲಿ ಕೂತಿದ್ದ ಹನ್ನೊಂದು ಪ್ರತಿ

ನೆಂಟರಿಷ್ಟರ ಕಂಪ್ಯೂಟರುಗಳ ಹೊಟ್ಟೆ ಬಿಚ್ಚಿ ನೋಡಿ ನೋಡಿ ನನಗೆ ಮನುಷ್ಯರ ಮೇಲೇ ಒಂಥರಾ ಹೇಸಿಗೆ ಹುಟ್ಟಿದೆ. ಹೊರಗಡೆ ಕೈಯಲ್ಲಿ ಹೆಣೆದ ಕಸೂತಿ ಬಟ್ಟೆ ಹೊದಿಸಿರುತ್ತಾರೆ. ಸ್ಕ್ರೂ ತೆಗೆದರೆ ಒಳಗೆ ಜಿರಳೆ ಮೊಟ್ಟೆ, ತಲೆಗೂದಲು, ಕಡಲೆಪುರಿ. ಅರಕಲಗೂಡಿನ ಸೋದರಮಾವನ ಮನೆಯಲ್ಲಿ ಆಯುಧಪೂಜೆಯ ದಿನ ಸಿಪಿಯುವಿಗೆ ಮೂರು ಪಟ್ಟೆ ವಿಭೂತಿ ಬಳಿದು, ಗಾಳಿಯಾಡುವ ಜಾಲರಿಯ ಮೇಲೇ ಕುಂಕುಮ ಮೆತ್ತಿ, ಸಾಲದು ಎಂದು ಅರಿಶಿನದ ನೀರನ್ನೂ ಚಿಮುಕಿಸಿದ್ದರು. ವಾರ ಕಳೆಯುವಷ್ಟರಲ್ಲಿ ಫೋನು: "ತಾನೇ ಆಫ್ ಆಗ್ಬುಡ್ತದೆ ಕಣವ್ವ, ನಿನ್ ಲಿನಕ್ಸೇ ಸರೀಗಿಲ್ಲ." ಹೋಗಿ ನೋಡಿದರೆ ಫ್ಯಾನಿನ ರೆಕ್ಕೆಗಳಿಗೆ ಹಸಿ ವಿಭೂತಿ ಅಂಟಿ, ಒಣಗಿ, ಫ್ಯಾನು ಅಲ್ಲಾಡದೆ ನಿಂತಿತ್ತು. ಹೊಳೆನರಸೀಪುರದಲ್ಲಿ ನಮ್ಮ ಯಜಮಾನರ ಚಿಕ್ಕಪ್ಪ, ನಿವೃತ್ತ ಮೇಷ್ಟರು. ಅವರ ಗೋಳೇ ಬೇರೆ: ಪಾಸ್‌ವರ್ಡ್ ಹಾಕಿದರೆ ಒಳಗೆ ಬಿಡದೆ ಮತ್ತೆ ಪಾಸ್‌ವರ್ಡೇ ಕೇಳುತ್ತದಂತೆ. ಡಿಸ್ಕಿನಲ್ಲಿ ಸಾಸಿವೆ ಇಡುವಷ್ಟೂ ಜಾಗವಿರಲಿಲ್ಲ. ತುಂಬಿದ್ದೆಲ್ಲ ಶುಭೋದಯದ ಚಿತ್ರಗಳು, ಗುಲಾಬಿ ಹೂವು, ಒಂದೊಂದೂ ನಾಲ್ಕು ನಾಲ್ಕು ಸಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರಿಗೆಲ್ಲ ಲಿನಕ್ಸು ಡೊಂಕು.

ತಪ್ಪು ನನ್ನದೇ. ಹಾಸನದ ಒಂದು ಕಾಲೇಜಿನ ಲ್ಯಾಬಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ನನ್ನದು. ವೈರಸ್ ಹತ್ತಿ ಸೊರಗಿದ ಹಳೆಯ ಯಂತ್ರಗಳನ್ನು ಕಂಡರೆ ಸುಮ್ಮನಿರಲಾರದೆ, ಮನೆಮನೆಗೆ ಹೋಗಿ ಬಿಟ್ಟಿ ಸಿಗುವ ಆಪರೇಟಿಂಗ್ ಸಿಸ್ಟಂ ಲಿನಕ್ಸನ್ನು ಹಾಕಿಕೊಟ್ಟವಳು ನಾನು. ಹೀಗೆ ಹಾಕಿಕೊಟ್ಟ ಮೊದಲನೆಯ ಕಂಪ್ಯೂಟರು ಚನ್ನರಾಯಪಟ್ಟಣದ ನಮ್ಮ ತವರಿನದು. ಮನೆಯ ಮುಂಭಾಗದಲ್ಲೇ ಗೊಬ್ಬರ, ಔಷಧಿ ಅಂಗಡಿ. ಅಪ್ಪ ಇರುವ ತನಕ ಅಪ್ಪನೇ ಅದರಲ್ಲಿ ಬಿಲ್ಲು ಹಾಕುತ್ತಿದ್ದರು. ಆಮೇಲೆ ಅಣ್ಣ.

ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಅಮ್ಮ ಅದಕ್ಕಿಂತ ಮೊದಲೇ ಹೋಗಿದ್ದಳು. ದಂಡಿಗನಹಳ್ಳಿಯ ಹತ್ತಿರ ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಎರಡು ಎಕರೆ ತೆಂಗಿನ ತೋಟವಿದೆ. ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಇರುವವರು ಅಣ್ಣ, ನಾನು, ಇಬ್ಬರೇ. ಇವತ್ತಲ್ಲ ನಾಳೆ ಅಣ್ಣ ನನ್ನನ್ನು ಎದುರಿಗೆ ಕೂರಿಸಿಕೊಂಡು "ತೋಟದಲ್ಲಿ ನಿನ್ನ ಭಾಗ ಏನು ಮಾಡೋಣ" ಎಂದು ಒಂದು ಮಾತು ಕೇಳುತ್ತಾನೆ ಎಂದು ನಾನು ಕಾಯುತ್ತಿದ್ದೆ. ಕೇಳಿದ ದಿನವೇ ಬಿಟ್ಟುಕೊಡುತ್ತೇನೆ ಎಂದು ಯಜಮಾನರ ಹತ್ತಿರ ಹೇಳಿದ್ದೆ, ಕಾಲೇಜಿನ ಗೆಳತಿಯರ ಹತ್ತಿರವೂ ಹೇಳಿದ್ದೆ. ನನಗೆ ಬೇಕಿದ್ದದ್ದು ಆ ಒಂದು ಮಾತು. ಹಬ್ಬ ಬಂತು, ತಿಥಿ ಬಂತು, ಅಣ್ಣ ಯೂರಿಯಾ ಮಾತಾಡಿದ, ಅವನ ಮಂಡಿನೋವಿನ ಮಾತಾಡಿದ. ತೋಟದ ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಈ ಸಲ ಗೌರಿ ಹಬ್ಬಕ್ಕೆ ಎರಡು ದಿನ ಇರುವಾಗ ಫೋನು ಬಂತು.

"ಬಾರವ್ವ, ಬಾಗ್ನ ತಗೊಂಡೋಗು. ನಿಮ್ಮತ್ಗೆ ಎಲ್ಲಾ ರೆಡಿ ಮಾಡವ್ಳೆ. ಅಂಗೇ ಆ ಪ್ರಿಂಟ್ರು ಒಂದೀಟು ನೋಡ್ಬುಡು, ನಾಕ್ ದಿನದಿಂದ ಒಂದ್ ಪೇಪ್ರೂ ಕಕ್ತಾ ಇಲ್ಲ."

ಬಾಗಿನ ನೆಪ, ಪ್ರಿಂಟರೇ ನಿಜ ಎಂದುಕೊಂಡೆ. ಅದೇನೂ ಹೊಸದಲ್ಲ. ಫೋನಿಡುವ ಮೊದಲು ಇನ್ನೊಂದು ಮಾತು ಸೇರಿಸಿದ: "ಆಧಾರ್ ಕಾರ್ಡ್ ಮರೀಬ್ಯಾಡ. ಅಪ್ಪನ ಬ್ಯಾಂಕಿಂದು ಏನೋ ಒಂದ್ ಸೈನ್ ಐತೆ."

ಹಬ್ಬದ ದಿನ ಬೆಳಿಗ್ಗೆ ಹಾಸನದಿಂದ ಬಸ್ಸು ಹತ್ತಿದೆ. ಅಂಗಡಿಯ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರೂ ಒಳಗಿನ ನಾತ ಅದಕ್ಕೆ ಬಗ್ಗುವಂಥದ್ದಲ್ಲ. ಕಳೆನಾಶಕ, ಹಿಂಡಿ, ಇಲಿಪಾಷಾಣ ಎಲ್ಲ ಬೆರೆತ ವಾಸನೆ. ಅದರಲ್ಲೇ ಹುಟ್ಟಿ ಬೆಳೆದವಳು ನಾನು, ಆದರೂ ಈಗೀಗ ಸಹಿಸಲಾಗುವುದಿಲ್ಲ. ಕಂಪ್ಯೂಟರಿನ ಕೀಲಿಮಣೆಯ ಸಂದಿಯಲ್ಲಿ ಬೆಲ್ಲದ ಪಾಕ ಅಂಟಿತ್ತು. ಮೌಸಿನ ಮೇಲೆ ಅಣ್ಣನ ಹೆಬ್ಬೆರಳಿನ ಕರೀ ಗುರುತು, ಅದರ ಮೇಲೆ ಸುಣ್ಣ. ಥೂ, ಸೀರೆ ಸೆರಗಿನಲ್ಲಿ ಹಿಡಿದುಕೊಳ್ಳಬೇಕು ಅನ್ನಿಸಿತು.

ಅತ್ತಿಗೆ ಕಾಫಿ ತಂದಿಟ್ಟು ಯಾವತ್ತಿಗಿಂತ ಹೆಚ್ಚು ಹೊತ್ತು ಅಲ್ಲೇ ನಿಂತಳು. ಅಣ್ಣ ಗಲ್ಲಾಪೆಟ್ಟಿಗೆಯ ಹತ್ತಿರ ಕೂತು ನನ್ನ ಕೈಯನ್ನೇ ನೋಡುತ್ತಿದ್ದ. ಇಬ್ಬರೂ ಅತಿ ಮೆತ್ತಗಿದ್ದರು.

ಪರದೆ ನೋಡಿದ ಕೂಡಲೇ ಒಂದು ವಿಚಿತ್ರ ಕಂಡಿತು. ಡೆಸ್ಕ್‌ಟಾಪ್ ಖಾಲಿ. ಅಣ್ಣನ ಡೆಸ್ಕ್‌ಟಾಪ್ ಎಂದರೆ ಸಂತೆ ನೆರೆದ ಬಯಲಿದ್ದ ಹಾಗೆ, ಕಾಲಿಡಲು ಜಾಗವಿರುವುದಿಲ್ಲ. ಕಸದ ಬುಟ್ಟಿಯೂ ಖಾಲಿ. ಅದನ್ನು ಖಾಲಿ ಮಾಡು ಎಂದು ಎಷ್ಟೋ ವರ್ಷದಿಂದ ಬಾಯಿ ನೋಯಿಸಿಕೊಂಡಿದ್ದೇನೆ, ಒಂದು ದಿನವೂ ಮಾಡಿದವನಲ್ಲ.

"ಏನಣ್ಣಯ್ಯ, ಇಷ್ಟೊಂದು ಕ್ಲೀನಾಗದೆ?"

"ನೀನ್ ಬತ್ತೀಯಲ್ಲ ಅಂತ ಗುಡಿಸ್ದೆ ಕಣವ್ವ" ಎಂದ.

ಪ್ರಿಂಟರಿನ ಕೆಂಪು ದೀಪ ಮಿಣುಕುತ್ತಿತ್ತು. ಕೇಬಲ್ ಸರಿಯಿತ್ತು, ಕಾಗದವಿತ್ತು. ಹಿಂದಿನ ಮುಚ್ಚಳ ತೆಗೆದೆ. ಕಾಗದ ಬಿಸಿಯಾಗಿ ಹೊರಳಿ ಬರುವ ಉರುಳೆಯ ಪಕ್ಕದಲ್ಲಿ ಒಂದು ಹಲ್ಲಿ, ಸುಟ್ಟ ಹಪ್ಪಳದ ಹಾಗೆ ಚಪ್ಪಟೆಯಾಗಿ, ಕಾಲು ನಾಲ್ಕೂ ಚಾಚಿಕೊಂಡು ಅಂಟಿತ್ತು. ಅದರ ಬೆನ್ನಿನ ಮೇಲೆ ಸುಕ್ಕಾದ ಅರ್ಧ ಹಾಳೆ. ಬೆಚ್ಚಗಿದೆ ಎಂದು ಒಳಗೆ ಸೇರಿಕೊಂಡಿರಬೇಕು ಬಡಪಾಯಿ. ಅತ್ತಿಗೆ "ಶಿವ ಶಿವ, ಅಬ್ಬದ ದಿನ್ವೇ ಇಂತದ್ದು ಕಣ್ಣಿಗೆ ಬೀಳ್ಬೇಕಾ" ಎಂದು ಕೊರಳಿನ ಮಾಂಗಲ್ಯ ಮುಟ್ಟಿಕೊಂಡು ಹಿಂದಕ್ಕೆ ಸರಿದಳು. ಅಣ್ಣ ಕೂತಲ್ಲೇ ಕೂತ. ತೆಗೆಯಬೇಕಾದವಳು ನಾನು ತಾನೇ. ಚಿಮುಟ ತರಿಸಿ, ಉಸಿರು ಬಿಗಿಹಿಡಿದು ಎಳೆದೆ. ಬಾಲ ಉರುಳೆಗೇ ಉಳಿಯಿತು. ಅದನ್ನು ಉಗುರಿನಿಂದ ಕೆರೆದು ತೆಗೆಯಬೇಕಾಯಿತು. ಹಿತ್ತಲಿಗೆ ಹೋಗಿ ಮೂರು ಸಲ ಸೋಪು ಹಚ್ಚಿ ತೊಳೆದರೂ ಬೆರಳಿನ ವಾಸನೆ ಹೋಗಲಿಲ್ಲ.

ಮುಚ್ಚಳ ಹಾಕಿದ ಮೇಲೆ ಹಸಿರು ದೀಪ ಬಂತು. ಆದರೂ ಪ್ರಿಂಟ್ ಬರಲಿಲ್ಲ. ಇದು ನನಗೆ ಗೊತ್ತಿದ್ದದ್ದೇ. ಒಂದು ಸಲ ಹೀಗೆ ಕಾಗದ ಸಿಕ್ಕಿಕೊಂಡರೆ ಲಿನಕ್ಸು ಆ ಪ್ರಿಂಟರನ್ನು ತಡೆದು ಕೂರಿಸಿಬಿಡುವುದುಂಟು. ಸರಿಹೋಯಿತು, ಶುರು ಮಾಡು ಎಂದು ಯಾರಾದರೂ ಹೇಳುವ ತನಕ, ಒತ್ತಿದ್ದನ್ನೆಲ್ಲ ಕ್ಯೂನಲ್ಲಿ ನಿಲ್ಲಿಸಿಕೊಂಡಿರುತ್ತದೆ. ಪ್ರಿಂಟರ್ ಆಫ್ ಮಾಡಿದರೂ ಆ ಕ್ಯೂ ಕದಲುವುದಿಲ್ಲ. ಕಂಪ್ಯೂಟರು ಆಫ್ ಮಾಡಿದರೂ ಕದಲುವುದಿಲ್ಲ. ಮೂಲ ಫೈಲನ್ನೇ ಅಳಿಸಿ ಹಾಕಿದರೂ ಅದರ ಹತ್ತಿರ ಒಂದು ಪ್ರತಿ ಇದ್ದೇ ಇರುತ್ತದೆ. ಆಜ್ಞೆ ಬರೆಯುವ ಟರ್ಮಿನಲ್ ಕಿಟಕಿ ತೆಗೆದು ಒಂದು ಸಾಲು ಟೈಪ್ ಮಾಡಿ ಕೇಳಿದೆ. ಕ್ಯೂನಲ್ಲಿ ಹನ್ನೊಂದು ಕೆಲಸ ಕಾಯುತ್ತಿದ್ದವು. ಹನ್ನೊಂದಕ್ಕೂ ಒಂದೇ ಅಳತೆ.

"ಒಂದೇ ಫೈಲನ್ನ ಹನ್ನೊಂದು ಸಲ ಒತ್ತಿದ್ದೀಯಲ್ಲ ಅಣ್ಣಯ್ಯ" ಎಂದೆ.

ಅಣ್ಣ ಎದ್ದು ನಿಂತ. "ಎಲ್ಲೈತೆ? ನಾನ್ ಎಲ್ಲಾ ಡಿಲೀಟ್ ಮಾಡಿವ್ನಲ್ಲ!"

"ಫೈಲ್ ಡಿಲೀಟ್ ಮಾಡಿದ್ರೆ ಕ್ಯೂ ಹೋಯ್ತದಾ?"

"ಅವು ಬ್ಯಾಡ ಬುಡವ್ವ, ಹಳೇವು. ತೆಗ್ದಾಕ್ಬುಡು."

ಯಾವಾಗಲೂ ನಾನು ಮಾಡುವುದು ಅದನ್ನೇ. ಹಳೆಯದನ್ನೆಲ್ಲ ರದ್ದು ಮಾಡಿ, ಹೊಸದಾಗಿ ಒಂದು ಹಾಳೆ ಪರೀಕ್ಷೆಗೆ ಕಳಿಸುತ್ತೇನೆ. ಅವತ್ತು ಮಾತ್ರ ನನ್ನ ಬೆರಳಿನಲ್ಲಿ ಹಲ್ಲಿಯ ನಾತವಿತ್ತು. ಬರದಿದ್ದರೆ ಇನ್ನೊಮ್ಮೆ ಒತ್ತು, ಆಗಲೂ ಬರದಿದ್ದರೆ ಮತ್ತೊಮ್ಮೆ ಒತ್ತು, ಆಮೇಲೆ ತಂಗಿಯನ್ನು ಕರೆಸು: ಈ ಬುದ್ಧಿಯನ್ನು ಕಂಡು ಕಂಡು ನನಗೆ ರೋಸಿಹೋಗಿತ್ತು. ಎಷ್ಟು ಸಲ ಒತ್ತಿದ್ದಾನೆ ಎಂದು ಕಣ್ಣಾರೆ ನೋಡಲಿ, ಕಾಗದವೆಲ್ಲ ದಂಡವಾಗಲಿ ಎಂದುಕೊಂಡು ಶುರು ಮಾಡುವ ಆಜ್ಞೆ ಒತ್ತಿಬಿಟ್ಟೆ.

"ಬ್ಯಾಡ ಅಂದೆ ಕಣವ್ವ!" ಎಂದು ಅಣ್ಣ ಓಡಿಬಂದ. ಅಷ್ಟರಲ್ಲಿ ಪ್ರಿಂಟರ್ ಗುರ್ರೆಂದು ಹಾಳೆ ಉಗುಳಲು ಶುರುಮಾಡಿತ್ತು. ಅವನು ಹಾಳೆ ಬೀಳುವ ತಟ್ಟೆಗೆ ಕೈ ಅಡ್ಡ ಇಟ್ಟ, ಹಾಳೆಗಳು ಅವನ ಕೈಗೆ ತಾಗಿ ನೆಲಕ್ಕೆ ಬಿದ್ದವು. ಪ್ಲಗ್ ಕಿತ್ತು ಹಾಕಬಹುದೆಂದು ಅವನಿಗೆ ಹೊಳೆಯಲಿಲ್ಲ. ಅದೇ ಹೊತ್ತಿಗೆ ಗೊಬ್ಬರ ಕೇಳಲು ಬಂದ ರೈತರೊಬ್ಬರು ಕಾಲ ಹತ್ತಿರ ಜಾರಿಬಂದ ಒಂದು ಹಾಳೆ ಎತ್ತಿ, ಮುಖದ ಹತ್ತಿರ ಹಿಡಿದು, "ಇದ್ಯಾವ್ದೋ ಪತ್ರ ಅಲ್ವಾ ಸಾ, ಅಕ್ಕು ಬಿಡುಗಡೆ ಅಂತ ಐತೆ" ಎಂದು ಅಣ್ಣನಿಗೆ ಕೊಡಲು ಬಂದರು. ಅಣ್ಣ "ಸಂಜೆ ಬಾರಯ್ಯ, ಯೂರಿಯಾ ಇಲ್ಲ" ಎಂದು ಅವರನ್ನು ಗದರಿ ಕಳಿಸಿದ. ಯೂರಿಯಾ ಮೂಟೆಗಳು ಅವರ ಕಣ್ಣೆದುರೇ ಇದ್ದವು.

ನಾನು ಬಗ್ಗಿ ನನ್ನ ಪಾಲಿಗೆ ಒಂದು ಪ್ರತಿ ಜೋಡಿಸಿಕೊಂಡೆ. ನಾಲ್ಕು ಹಾಳೆ. ಹಕ್ಕು ಬಿಡುಗಡೆ ಪತ್ರ. ಬರೆದುಕೊಡುವವಳು ನಾನು. ನನ್ನ ಹೆಸರು, ವಯಸ್ಸು, ಇಂಥವರ ಧರ್ಮಪತ್ನಿ, ಹಾಸನದ ವಾಸಿ, ಎಲ್ಲ ಸರಿಯಾಗಿತ್ತು. ಬರೆಸಿಕೊಳ್ಳುವವನು ಅಣ್ಣ. ದಂಡಿಗನಹಳ್ಳಿಯ ತೋಟದಲ್ಲಿ ನನಗೆ ಬರಬೇಕಾದ ಭಾಗವನ್ನು, ಅಣ್ಣನ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟಿದ್ದೆನಂತೆ. ಅರಿಶಿನ ಕುಂಕುಮದ ಬಾಬ್ತು ನನಗೆ ಸಂದಿದೆಯಂತೆ. ಒಳಗಡೆ ಬಾಗಿನದ ಮೊರದಲ್ಲಿ ಅತ್ತಿಗೆ ಜೋಡಿಸಿಟ್ಟಿದ್ದಳಲ್ಲ ಅರಿಶಿನ, ಕುಂಕುಮ, ಬಳೆ, ರವಿಕೆ ಬಟ್ಟೆ, ಸೀರೆ, ಅದಕ್ಕೆ ಇಲ್ಲಿ ರಸೀದಿ ಬರೆದಿಟ್ಟಿದ್ದರು. ಬ್ಯಾಂಕಿನ ಸಹಿ ಎಂದದ್ದು ಯಾಕೆ, ಆಧಾರ್ ಯಾಕೆ ಎಂದು ಕೇಳುವುದೇ ಬೇಕಾಗಲಿಲ್ಲ.

ಅಳು ಬಂತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಅಳು ಬರಲಿಲ್ಲ, ವಾಕರಿಕೆ ಬಂತು. ಹಬ್ಬದ ದಿನ ಮಣೆ ಹಾಕಿ ಕೂರಿಸಿ, ಕೈಗೆ ಬಾಗಿನ ಕೊಟ್ಟು, ಅದೇ ಕೈಯಲ್ಲಿ ಸುಳ್ಳು ಹೇಳಿ ಸಹಿ ಹಾಕಿಸಿಕೊಳ್ಳುವ ಯೋಚನೆ. ಅದಕ್ಕೆ ಬೇಕಾದ ಕಾಗದ ಹೊರಬರಲಿಲ್ಲವೆಂದು ರಿಪೇರಿಗೂ ನನ್ನನ್ನೇ ಕರೆಸಿದ್ದರು. ಕಂಪ್ಯೂಟರಿನಲ್ಲಿ ಅಳಿಸಿದ್ದರೂ ಅಣ್ಣನ ಫೋನಿನಲ್ಲಿ ಒಂದು ಪ್ರತಿ ಇತ್ತಂತೆ, ನಾನು ಸರಿಮಾಡಿ ಎದ್ದ ಮೇಲೆ ಒತ್ತಲು. ಪಕ್ಕದ ಬೀದಿಯ ಝೆರಾಕ್ಸ್ ಅಂಗಡಿಗೆ ಹೋಗಿದ್ದರೆ ಮುಗಿಯುತ್ತಿತ್ತು. ಅಲ್ಲಿಗೆ ಹೋದರೆ ನಾಕು ಜನರ ಕಣ್ಣಿಗೆ ಬೀಳುತ್ತದೆ ಎಂದು ಹೆದರಿದರಂತೆ, ಅತ್ತಿಗೆಯೇ ಆಮೇಲೆ ಬಾಯಿಬಿಟ್ಟಳು. ನಾಕು ಜನರ ನಾಚಿಕೆಯಿತ್ತು, ನನ್ನ ನಾಚಿಕೆ ಇರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಆ ಹುಳುಕನ್ನು ಅವರು ಗುಡಿಸಿದ್ದು ಪರದೆಯ ಮೇಲೆ ಮಾತ್ರ.

ಕೊನೆಯ ಹಾಳೆಯಲ್ಲಿ ತೋಟದ ಚೆಕ್ಕುಬಂದಿ ಇತ್ತು. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ದಕ್ಷಿಣಕ್ಕೆ ಬಂಡಿದಾರಿ. ಉತ್ತರಕ್ಕೆ ಸರ್ಕಾರಿ ಗೋಮಾಳ ಎಂದು ಬರೆದಿತ್ತು.

"ಇದು ತಪ್ಪು" ಎಂದೆ. "ಉತ್ತರಕ್ಕಿರೋದು ಕಾಲುವೆ. ಕಾಲುವೆ ಪಕ್ಕದ ಹದಿನಾಲ್ಕು ಮರವೂ ನಮ್ಮವೇ. ಗೋಮಾಳ ಅಂತ ಬರೆದ್ರೆ ಅವು ಹೋಗ್ಬಿಡ್ತವೆ."

ಹೇಳಿದ ಮೇಲೆ ನನಗೇ ಕಸಿವಿಸಿಯಾಯಿತು. ಹುಡುಗರ ರೆಕಾರ್ಡ್ ಪುಸ್ತಕ ತಿದ್ದಿ ತಿದ್ದಿ ಬಂದ ಚಟ ಎಂದು ಸಮಾಧಾನ ಮಾಡಿಕೊಂಡೆ. ಪ್ರಿಂಟರ್ ಇನ್ನೂ ಹಾಳೆ ಉಗುಳುತ್ತಲೇ ಇತ್ತು. ನಾವು ಮೂವರೂ ಅದು ಮುಗಿಯಲಿ ಎಂದು ಕಾಯುವವರ ಹಾಗೆ ನಿಂತಿದ್ದೆವು. ಹನ್ನೊಂದನೆಯ ಪ್ರತಿಯ ಕಡೆಯ ಹಾಳೆ ಬಿದ್ದು ಪ್ರಿಂಟರ್ ನಿಂತಿತು. ಅತ್ತಿಗೆ ಒಳಗೆ ಹೋದಳು.

"ನನ್ನ ಕೇಳ್ಬೇಕು ಅಂತ ಅನ್ನಿಸ್ಲೇ ಇಲ್ವಾ ಅಣ್ಣಯ್ಯ?" ಎಂದೆ. "ಎರಡು ವರ್ಷ ಆಯ್ತು. ಒಂದು ಮಾತು. ಎದುರಿಗೆ ಕೂತು ಒಂದು ಮಾತು ಕೇಳಿದ್ರೆ ಇಷ್ಟೆಲ್ಲ ಹೇಸಿಗೆ ಕೆಲಸ ಬೇಕಿತ್ತಾ?"

ಅಣ್ಣ ಕೆಳಗೆ ಕೂತು ಹಾಳೆಗಳನ್ನು ಒಂದೊಂದಾಗಿ ಆಯ್ದು, ಅಂಚು ಸರಿಮಾಡಿ, ಮಂಡಿಯ ಮೇಲೆ ಇಟ್ಟುಕೊಂಡ. ಮಂಡಿನೋವಿನವನು, ಹಾಗೆ ಕೂರಬಾರದು. ಅದು ನೆನಪಾದದ್ದಕ್ಕೂ ನನಗೆ ಸಿಟ್ಟು ಬಂತು.

ಕಡೆಯ ಹಾಳೆಯನ್ನೂ ಜೋಡಿಸಿಕೊಂಡು ಅವನು ನನ್ನ ಮುಖ ನೋಡಿದ.

"ತಪ್ಪಾಯ್ತು ಕಣವ್ವ. ಈಗ ಕೇಳ್ತಾ ಇವ್ನಿ. ನಿನ್ ಭಾಗ ನಂಗೆ ಬುಟ್ಕೊಡ್ತೀಯಾ?"

ಹಾಸನ-ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕೂತು ಈ ಪ್ರಶ್ನೆಗೆ ಉತ್ತರವನ್ನು ಎಷ್ಟು ಸಲ ಹೇಳಿಕೊಂಡು ನೋಡಿದ್ದೆನೋ ಲೆಕ್ಕವಿಲ್ಲ. 'ನೀನು ಕೇಳಿದೆಯಲ್ಲ, ನನಗೆ ಅಷ್ಟು ಸಾಕು, ತಗೋ.' ಹೇಳುವಾಗ ಯಾವ ಕಡೆ ನೋಡಬೇಕು ಎಂಬುದನ್ನೂ ಯೋಚಿಸಿಟ್ಟಿದ್ದೆ. ಬಾಯಿ ತೆರೆದೆ.

"ಇಲ್ಲ" ಎಂದೆ. "ಬಿಡಲ್ಲ."

ಅಣ್ಣನಿಗೆ ಸಿಟ್ಟು ಬರಲಿಲ್ಲ, ಬೆರಗೂ ಆಗಲಿಲ್ಲ. ಮಂಡಿ ಹಿಡಿದುಕೊಂಡು ಮೇಲೆದ್ದ, ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟ.

"ಗೊತ್ತಿತ್ತು ಕಣವ್ವ" ಎಂದ. "ಅದ್ಕೇ ಕೇಳ್ಲಿಲ್ಲ."