ತೋಡೂರಿನ ಆಡು ಮತ್ತು ಅಂಕೋಲೆಯ ಡಾಕ್ಟರು

ಅಂಕೋಲೆಯ ಪುಂಡಲೀಕ ನಾಯಕರು ಮೂವತ್ತೊಂದು ವರ್ಷ ದನದ ಆಸ್ಪತ್ರೆಯಲ್ಲಿ ನೌಕರಿ ಮಾಡಿದರು. ಅಷ್ಟೂ ವರ್ಷದಲ್ಲಿ ಅವರ ಮೈಗೆ ತಾಗಿದ ಪ್ರಾಣಿ ಒಂದೇ, ಕಚೇರಿಯ ಬೆಕ್ಕು. ಅದನ್ನೂ ಅವರಾಗಿ ಮುಟ್ಟಿದ್ದಲ್ಲ. ಅದೇ ಬಂದು ಕಾಲಿಗೆ ಮೈ ತಿಕ್ಕುತ್ತಿತ್ತು. ಅದು ಹೋಗುವ ತನಕ ಇವರು ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ನಾಯಕರು ಅಲ್ಲಿ ಗುಮಾಸ್ತರು. ಕಿಟಕಿಯ ಒಳಗೆ ಅವರು, ಹೊರಗೆ ಎಮ್ಮೆ. ಎಮ್ಮೆಯ ಬಣ್ಣ, ವಯಸ್ಸು, ಕಾಯಿಲೆ ಬರೆದುಕೊಂಡು ಚೀಟಿ ಹರಿದು ಕೊಟ್ಟರೆ ಅವರ ಕೆಲಸ ಮುಗಿಯಿತು.

ಆದರೂ ಪೇಟೆಯಲ್ಲಿ ಅವರನ್ನು ಕರೆಯುತ್ತಿದ್ದದ್ದು 'ಡಾಕ್ಟ್ರೇ' ಎಂದು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಮೊದಮೊದಲು 'ನಾನು ಡಾಕ್ಟರಲ್ಲ ಮಾರಾಯ' ಅನ್ನಲು ಬಾಯಿ ತೆರೆಯುತ್ತಿದ್ದರು. ಅಷ್ಟರಲ್ಲಿ ಬಸ್ಸಿನಲ್ಲಿ ಯಾರೋ ಎದ್ದು ಸೀಟು ಬಿಟ್ಟುಕೊಡುತ್ತಿದ್ದರು. ಕೂತ ಮೇಲೆ ತಿದ್ದುವುದು ಚಂದವಲ್ಲ. ಹಾಗೆ ಕೂತು ಕೂತೇ ನಿವೃತ್ತಿಯ ವಯಸ್ಸಾಯಿತು. ತಾನೇನೂ ಸುಳ್ಳು ಹೇಳಲಿಲ್ಲ, ತಿದ್ದಲಿಲ್ಲ ಅಷ್ಟೇ ಎಂದು ಅವರು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದರು. ಮೊಮ್ಮಗಳು ವಿಭಾ ಮಾತು ಕಲಿತ ಮೇಲೆ ಮಾತ್ರ ವಿಷಯ ಸ್ವಲ್ಪ ಕೈಮೀರಿತು. ಹುಚ್ಚೆದ್ದ ಹೋರಿಗೆ ಸೂಜಿ ಚುಚ್ಚಿದ ಕಥೆ, ಗಂಗಾವಳಿ ದಾಟಿ ಹೋಗಿ ಹಸುವಿನ ಹೆರಿಗೆ ಮಾಡಿಸಿದ ಕಥೆ. ಎಲ್ಲವನ್ನೂ ತಾನೇ ಮಾಡಿದಂತೆ ಅವಳಿಗೆ ಹೇಳಿದರು. ಎಲ್ಲವೂ ನಡೆದದ್ದೇ, ಮಾಡಿದವರು ಬೇರೆ.

ತೋಡೂರಿನ ಹತ್ತಿರ ಯಾರೋ ಹೊಸದಾಗಿ ಒಂದು ತೋಟ ತೆರೆದಿದ್ದರು. ಮಕ್ಕಳು ಅಲ್ಲಿ ಪ್ರಾಣಿಗಳನ್ನು ಮುಟ್ಟಬಹುದು, ಎತ್ತಿಕೊಳ್ಳಬಹುದು, ಕೈಯಾರೆ ತಿನ್ನಿಸಬಹುದು. ಕಾರವಾರದಲ್ಲಿ ಶಿಕ್ಷಕಿಯಾಗಿರುವ ಮಗಳು ನೀತಾ, ಅಪ್ಪ ಅಮ್ಮ ತನ್ನ ಮನೆಗೆ ಬಂದಿದ್ದ ಒಂದು ಭಾನುವಾರ ಎಲ್ಲರನ್ನೂ ಅಲ್ಲಿಗೆ ಹೊರಡಿಸಿದಳು. ನಾಯಕರು ಬೆಳಿಗ್ಗೆಯೇ ಮಂಡಿ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು.

"ಮಂಡಿ ನೋವಾ?" ಎಂದರು ಹೆಂಡತಿ ಸುಗಂಧಾ. "ನಿನ್ನೆ ಮೀನು ಪೇಟೆಗೆ ಓಡ್ಕಂಡು ಹೋಗುವಾಗ ಎಲ್ಲಿತ್ತು ಅದು? ಸುಮ್ನೆ ಕಾರು ಹತ್ತಿ."

ತೋಟದ ಗೇಟಿನಲ್ಲಿ ನಾಗಿ ಎಂಬ ಹೆಂಗಸು ಕ್ಯಾರೆಟ್ಟಿನ ಬಟ್ಟಲು ಕೊಡುತ್ತಿದ್ದಳು. ಪ್ರಾಣಿಗಳನ್ನು ನೋಡಿಕೊಳ್ಳುವವಳೂ ಅವಳೇ. ಏಳು ವರ್ಷದ ವಿಭಾ ಬಟ್ಟಲು ತೆಗೆದುಕೊಳ್ಳುವ ಮೊದಲೇ ಹೇಳಿಬಿಟ್ಟಳು: "ನಮ್ಮಜ್ಜ ದನದ ಡಾಕ್ಟರು."

"ಹೌದಾ? ಬನ್ನಿ ಬನ್ನಿ ಡಾಕ್ಟ್ರೇ," ಎಂದಳು ನಾಗಿ. ನಾಯಕರು ತಲೆ ಆಡಿಸಿದರು. ಹೌದು ಎಂದೂ ತಿಳಿಯಬಹುದು, ಅಲ್ಲ ಎಂದೂ ತಿಳಿಯಬಹುದು, ಹಾಗೆ ಆಡಿಸುವುದು ಅವರಿಗೆ ಇಷ್ಟು ವರ್ಷದಲ್ಲಿ ಸಿದ್ಧಿಸಿತ್ತು.

ಮೊಲದ ಗೂಡಿನ ಹತ್ತಿರ ಅವರು, "ಮೊಲ ಸೂಕ್ಷ್ಮ ಪ್ರಾಣಿ, ಜಾಸ್ತಿ ಜನ ಮುಟ್ಟೂಕಾಗ," ಎಂದು ಗಂಭೀರವಾಗಿ ಹಿಂದೆ ಸರಿದರು. ಬಾತುಕೋಳಿ ಬಂದಾಗ ಅವರಿಗೆ ಫೋನು ಬಂತು. ಫೋನು ಮಾತ್ರ ರಿಂಗಾಗಿರಲಿಲ್ಲ. ಟರ್ಕಿ ಕೋಳಿ ಪುಕ್ಕ ಕೆದರಿಕೊಂಡು ಎದುರಾದಾಗ ಸುಗಂಧಾರ ಬೆನ್ನ ಹಿಂದೆ ನಿಂತು, ಅದರ ವೈಜ್ಞಾನಿಕ ಮಹತ್ವವನ್ನು ಮೊಮ್ಮಗಳಿಗೆ ವಿವರಿಸಿದರು. ತನ್ನ ಧೈರ್ಯದ ಬಗ್ಗೆ ಅವರಿಗೇ ಒಳಗೊಳಗೆ ನಗು ಬಂತು.

ಕೊನೆಗೆ ಆಡಿನ ಅಂಗಳ. ಕಂದು ಬಣ್ಣದ ಒಂದು ಗಿಡ್ಡ ಆಡು ನೇರ ಅವರ ಹತ್ತಿರವೇ ಬಂತು.

"ಅಜ್ಜಾ, ಕೈಲೇ ತಿನ್ಸು! ನಿಂಗೆ ಹೆದ್ರಿಕೆ ಇಲ್ವಲಾ," ಎಂದಳು ವಿಭಾ.

ಆಡಿನ ತುಟಿ ಬೆರಳಿಗೆ ತಾಗುವುದನ್ನು ನೆನೆದೇ ನಾಯಕರ ಮೈ ಜುಮ್ಮೆಂದಿತು. ಬಟ್ಟಲಿನಲ್ಲಿದ್ದ ಎಲ್ಲಕ್ಕಿಂತ ದಪ್ಪದ ತುಂಡನ್ನು ಆರಿಸಿ, ಎರಡು ಮಾರು ದೂರದಿಂದ ಎಸೆದರು. ಆಡು ಅದನ್ನು ಅಗಿಯದೆ ನುಂಗಿತು. ಮರುಕ್ಷಣ ಕುತ್ತಿಗೆ ಚಾಚಿ ಕೆಮ್ಮತೊಡಗಿತು. ಬಾಯಿಂದ ಜೊಲ್ಲು ಇಳಿಯಿತು, ಕಣ್ಣು ಮೇಲೆ ಹೋಯಿತು.

ನಾಗಿ ಓಡಿ ಬಂದು ಆಡನ್ನು ಮಂಡಿಗಳ ನಡುವೆ ಒತ್ತಿ ಹಿಡಿದಳು. "ಡಾಕ್ಟ್ರೇ, ಬೇಗ ಬನ್ನಿ! ಗಂಟ್ಲಲ್ಲಿ ಸಿಕ್ಕಂಡದೆ!"

ಅಂಗಳದಲ್ಲಿದ್ದ ಜನವೆಲ್ಲ ತಿರುಗಿ ನೋಡಿದರು. ವಿಭಾಳ ಮುಖ ಮಾತ್ರ ಅರಳಿತ್ತು, ಅಜ್ಜನ ಕಥೆಯೊಂದು ಕಣ್ಣೆದುರೇ ನಡೆಯಲಿದೆ ಎಂಬಂತೆ. ಆ ಮುಖ ನೋಡಿದ ಮೇಲೆ ನಾಯಕರಿಗೆ ತಲೆ ಆಡಿಸಲೂ ಆಗಲಿಲ್ಲ.

"ನಾನು ಡಾಕ್ಟರಲ್ಲ," ಎಂದರು.

"ಎಂತ?"

"ಡಾಕ್ಟರಲ್ಲ. ಗುಮಾಸ್ತ. ಚೀಟಿ ಬರೀತಿದ್ದೆ. ನಂಗೆ ಆಡು ಕಂಡ್ರೆ ಹೆದ್ರಿಕೆ."

ನಾಗಿಗೆ ಇದನ್ನೆಲ್ಲ ಕೇಳಲು ಪುರುಸೊತ್ತಿರಲಿಲ್ಲ. "ಗುಮಾಸ್ತರಿಗೆ ಕೈ ಇಲ್ವಾ? ಕೋಡು ಹಿಡೀರಿ!"

ನಾಯಕರು ಹಿಡಿದರು. ಕಣ್ಣು ಮುಚ್ಚಿಕೊಂಡೇ ಹಿಡಿದರು. ಕೋಡು ಬೆಚ್ಚಗಿತ್ತು. ಕೋಡು ಬೆಚ್ಚಗಿರುತ್ತದೆ ಎಂಬುದು ಮೂವತ್ತೊಂದು ವರ್ಷದಲ್ಲಿ ಅವರಿಗೆ ಗೊತ್ತೇ ಇರಲಿಲ್ಲ. ಅದಕ್ಕೆ ಚೀಟಿಯಲ್ಲಿ ಜಾಗ ಇರಲಿಲ್ಲ. ಆಡು ಒದ್ದಾಡಿತು, ಕಾಲು ತುಳಿಯಿತು, ಅವರು ಬಿಡಲಿಲ್ಲ. ನಾಗಿ ಎರಡೂ ಹೆಬ್ಬೆರಳಿನಿಂದ ಗಂಟಲನ್ನು ಹೊರಗಿನಿಂದ ಕೆಳಗಿಂದ ಮೇಲಕ್ಕೆ ಒತ್ತುತ್ತ ಬಂದಳು. ಒಮ್ಮೆ, ಎರಡು ಸಲ. ಮೂರನೆಯ ಸಲಕ್ಕೆ ಕ್ಯಾರೆಟ್ ಜೊಲ್ಲಿನ ಸಮೇತ ಹಾರಿ ನಾಯಕರ ಬಿಳಿ ಅಂಗಿಯ ನಡುಮಧ್ಯಕ್ಕೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಾಗಿಗೆ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಆಡು ಒಂದು ಸಲ ಸೀನಿ, ನೆಲಕ್ಕೆ ಬಿದ್ದ ಬಟ್ಟಲಿಗೆ ಬಾಯಿ ಹಾಕಿತು.

ನಲ್ಲಿಯ ಹತ್ತಿರ ನಾಯಕರು ಅಂಗಿ ತೊಳೆಯುತ್ತಿದ್ದಾಗ ವಿಭಾ ಬಂದು ನಿಂತಳು.

"ಹೋರಿಗೆ ಸೂಜಿ ಚುಚ್ಚಿದ್ದು?"

"ನಮ್ಮ ದೊಡ್ಡ ಡಾಕ್ಟರು. ನಾನು ಕಿಟಕಿಯಿಂದ ನೋಡ್ತಿದ್ದೆ. ಕಿಟಕಿ ಬಾಗ್ಲು ಹಾಕ್ಕಂಡು."

"ಹಸುದು?"

"ಅದನ್ನ ನೋಡ್ಲೂ ಇಲ್ಲ. ಬರ್ದದ್ದು ಅಷ್ಟೇ."

ವಿಭಾ ಅಂಗಿಗೆ ಅಂಟಿದ್ದ ಕ್ಯಾರೆಟ್ ಚೂರೊಂದನ್ನು ಕಿತ್ತು ಎಸೆದಳು. "ಹಾಗಾದ್ರೆ ನೀನು ಆಡು ಹಿಡಿದದ್ದು ಇದೇ ಫಸ್ಟಾ?"

"ಇದೇ ಫಸ್ಟು."

"ಕಣ್ಣು ಮುಚ್ಕಂಡಿದ್ದೆ ನೀನು," ಎಂದಳು ಅವಳು. ಬೈದದ್ದೋ ಹೊಗಳಿದ್ದೋ ನಾಯಕರಿಗೆ ತಿಳಿಯಲಿಲ್ಲ.

ವಾಪಸು ಬರುವಾಗ ಬಿಣಗಾದಲ್ಲಿ ಚಹಾಕ್ಕೆಂದು ಕಾರು ನಿಲ್ಲಿಸಿದರು. ಮಗಳು, ಮೊಮ್ಮಗಳು ಮುಂದೆ ಹೋದ ಮೇಲೆ ನಾಯಕರು ಸುಗಂಧಾರ ಹತ್ತಿರ ಮೆಲ್ಲಗೆ ಹೇಳಿದರು: "ಮರ್ಯಾದೆ ಹೋಯ್ತು. ಇನ್ನು ಅಂಕೋಲೆಲೂ ಎಲ್ಲರಿಗೂ ಗೊತ್ತಾಗ್ತದೆ."

"ಎಂತ ಗೊತ್ತಾಗುದು? ನೀವು ಡಾಕ್ಟರಲ್ಲ ಅಂತ ಪೇಟೆಗೆಲ್ಲ ಗೊತ್ತದೆ. ಆಸ್ಪತ್ರೆಗೆ ಹೋದವರಿಗೆ ಸೂಜಿ ಯಾರು ಕೊಟ್ಟದ್ದು, ಚೀಟಿ ಯಾರು ಕೊಟ್ಟದ್ದು ಅಂತ ತಿಳೀದಾ?"

ನಾಯಕರು ನಿಂತುಬಿಟ್ಟರು. "ಮತ್ತೆ ಎಂತಕೆ ಹಾಗೆ ಕರೀತಾರೆ?"

"ಕರೆದ್ರೆ ನಿಮ್ಮ ಮುಖ ಒಂಥರಾ ಆಗ್ತದಲ್ಲಾ, ಅದನ್ನ ನೋಡೂಕೆ," ಎಂದು ಸುಗಂಧಾ ನಗುತ್ತ ಅಂಗಡಿಯೊಳಗೆ ನಡೆದರು.

ಎಷ್ಟು ಸೀಟು, ಎಷ್ಟು ನಮಸ್ಕಾರ, ಎಷ್ಟು ಗತ್ತಿನ ತಲೆ ಆಡಿಸುವಿಕೆ! ಎಲ್ಲವನ್ನೂ ಎದುರಿನವರು ನಗು ತಡೆದುಕೊಂಡೇ ನೋಡಿದ್ದರು. ನಾಯಕರಿಗೆ ಮೊದಲು ಕಿವಿ ಬಿಸಿಯಾಯಿತು. ಆಮೇಲೆ ತನ್ನ ಆ ಮುಖ ಹೇಗಿರುತ್ತದೋ ಎಂದು ಊಹಿಸಿಕೊಂಡು ಒಬ್ಬರೇ ಹೊಟ್ಟೆ ಹಿಡಿದು ನಕ್ಕರು.

ಒಳಗೆ ವಿಭಾ ಚಹಾದ ಅಂಗಡಿಯವನಿಗೆ ಹೇಳುತ್ತಿದ್ದಳು: "ನಮ್ಮಜ್ಜ ಗುಮಾಸ್ತ. ಇವತ್ತು ಒಂದು ಆಡು ಹಿಡ್ದ."

ಅಂಗಡಿಯವನು ಆಗಷ್ಟೇ ಒಳಗೆ ಬಂದ ನಾಯಕರ ಒದ್ದೆ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, "ದೊಡ್ಡದಾ?" ಎಂದು ಕೇಳಿದ.

"ಹಾಂ," ಎಂದರು ನಾಯಕರು. ಒಂದು ಕ್ಷಣ ಬಿಟ್ಟು ಕೈಯನ್ನು ಮಂಡಿಯ ಮಟ್ಟಕ್ಕೆ ಇಳಿಸಿ ತಿದ್ದಿದರು: "ಅಲ್ಲ, ಇಷ್ಟೇ."