ಗಿರಣಿ ಕಾಕಾ ಬಿಟ್ಟುಕೊಟ್ಟ ಜಗಲಿ

ಹೋದ ವಾರ ನಮ್ಮ ಮನೆಯ ಹತ್ತಿರ ಹೊಸ ಹಿಟ್ಟಿನ ಗಿರಣಿ ಶುರುವಾಯಿತು. ಪ್ಯಾಕೆಟ್ ಹಿಟ್ಟಿನಲ್ಲಿ ರೊಟ್ಟಿ ತಟ್ಟಿ ಬೇಸತ್ತಿದ್ದ ನಾನು, ಊರಿಂದ ಬಂದ ಜೋಳ ಹೊತ್ತುಕೊಂಡು ಹೋದೆ. ಬೀಸಿದ ಹಿಟ್ಟು ಕೈಗೆ ಬಂದಾಗ ಡಬ್ಬಿಯ ಮುಚ್ಚಳ ತೆಗೆದು ಮೂಸಿದೆ. ಬಿಸಿ ಬಿಸಿ ಜೋಳದ ಹಿಟ್ಟಿನ ವಾಸನೆ... ಹುಬ್ಬಿಗೂ ಮೀಸೆಗೂ ಹಿಟ್ಟು ಮೆತ್ತಿಕೊಂಡು ನಗುತ್ತಿದ್ದ ಒಬ್ಬ ಮನುಷ್ಯ ಕಣ್ಣ ಮುಂದೆ ಬಂದು ನಿಂತರು. ಗಿರಣಿಯ ಹುಡುಗಿಗೆ ಚಿಲ್ಲರೆ ಕೊಡುವುದನ್ನೂ ಮರೆತು ನಿಂತಿದ್ದೆ.

ತೊಂಬತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಸೇಡಂ ಕಡೆಯಿಂದ ಬಂದು, ಲಿಂಗರಾಜಪುರದ ಒಂದು ಬಾಡಿಗೆ ಕೋಣೆಯಲ್ಲಿ ಸಂಸಾರ ಹೂಡಿದೆವು. ನಮ್ಮವರು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಮೊದಲ ವಾರವೇ ಹಿಟ್ಟು ಮುಗಿಯಿತು. ಇಲ್ಲಿನವರು ಹಿಟ್ಟಿನ ಗಿರಣಿಗೆ ಮಿಷಿನ್ ಅನ್ನುತ್ತಾರೆಂದು ನನಗೇನು ಗೊತ್ತು? "ಗಿರಣಿ ಎಲ್ಲೈತ್ರಿ?" ಎಂದು ಕೇಳಿದರೆ, ಪಕ್ಕದ ಮನೆಯಾಕೆ ನನ್ನನ್ನು ಬಟ್ಟೆ ಗಿರಣಿಗೆ ಕೆಲಸ ಕೇಳಿಕೊಂಡು ಹೊರಟವಳೆಂದು ತಿಳಿದು ಬಸ್ಸಿನ ನಂಬರು ಹೇಳಿಬಿಟ್ಟಳು. ಕೊನೆಗೆ ಎರಡು ರಸ್ತೆ ಆಚೆ ಈ ಮಿಷಿನ್ ಸಿಕ್ಕಿತು.

ಕಟ್ಟಡ ಆ ಮಿಷಿನ್ ನಡೆಸುತ್ತಿದ್ದ ಯಜಮಾನರದೇ. ಹಿಂದೆ ಮನೆ, ಮುಂದೆ ಗಿರಣಿ, ಅದರ ಮುಂದೆ ತಗಡಿನ ಮಾಡು ಇಳಿಸಿದ ಉದ್ದನೆಯ ಕಲ್ಲಿನ ಜಗಲಿ. ನಮ್ಮ ಕಡೆ ಚಿಕ್ಕಪ್ಪನನ್ನು ಕರೆಯುವಂತೆ ನಾನು ಅವರನ್ನು ಕಾಕಾ ಎಂದು ಕರೆದಾಗ ಬಿದ್ದು ಬಿದ್ದು ನಕ್ಕಿದ್ದರು. "ಕಾಕಾ ಅಂದ್ರೆ ನಮ್ಮ ತಮಿಳಲ್ಲಿ ಕಾಗೆ ಕಣಮ್ಮಾ! ಪರ್ವಾಗಿಲ್ಲ, ಕೂಗು." ಅವರ ಅಪ್ಪನ ಕಾಲದಿಂದಲೂ ದಂಡು ಪ್ರದೇಶದಲ್ಲೇ ನೆಲೆಸಿದವರು. ಕನ್ನಡ ಸರಾಗವಾಗಿ ಮಾತಾಡುತ್ತಿದ್ದರು, ಆದರೆ ಓದಲು ಬರುತ್ತಿದ್ದುದು ತಮಿಳು ಮಾತ್ರ. ರಾಗಿ ಬೀಸಿದ ಕಲ್ಲಿಗೆ ಜೋಳ ಹಾಕಿದರೆ ರೊಟ್ಟಿ ಕೆಂಪಾಗುತ್ತದೆ ಎಂದು ನಾವು ಜೋಳದ ಸೀಮೆಯವರು ಮುಖ ಸಿಂಡರಿಸುವುದನ್ನು ನೋಡಿ, ಭಾನುವಾರದ ಬೆಳಗನ್ನು ನಮಗೇ ಬಿಟ್ಟುಕೊಟ್ಟರು. ಆವತ್ತು ಕಲ್ಲು ಬಿಚ್ಚಿ ಗುಡಿಸಿ, ತಮ್ಮದೇ ಒಂದು ಹಿಡಿ ಜೋಳ ಮೊದಲು ಬೀಸಿ ಚೆಲ್ಲಿ, ಆಮೇಲೆ ನಮ್ಮ ಚೀಲ ಮುಟ್ಟುತ್ತಿದ್ದರು. ನಮ್ಮ ಕಡೆಯ ಹೆಂಗಸರಿಗೆ ಆ ಜಗಲಿಯೇ ತವರು. ಅಲ್ಲಿ ಕೂತು ನಾವು ಆಡದ ಮಾತಿಲ್ಲ, ಅತ್ತೆಯರನ್ನು ಬೈಯದ ಭಾನುವಾರವಿಲ್ಲ.

ಆ ರಸ್ತೆ ಬಹಳ ಇಕ್ಕಟ್ಟು. ಒಂದು ಸಲ ಆಂಬುಲೆನ್ಸೊಂದು ಕಾಕಾನ ಗಿರಣಿಯ ಮುಂದೆಯೇ ಸಿಕ್ಕಿಹಾಕಿಕೊಂಡಿತು. ಕಾಕಾ ಓಡಿಹೋಗಿ ಗಾಡಿಗಳನ್ನು ಸರಿಸಿದರೂ ತುಂಬಾ ಹೊತ್ತಾಯಿತು. ಒಳಗಿದ್ದವರು ಉಳಿದರೋ ಇಲ್ಲವೋ ತಿಳಿಯಲಿಲ್ಲ. ಅದಾದ ಮೇಲೆ ಕಾಕಾ ಆ ಮಾತನ್ನೇ ಆಡುತ್ತಿದ್ದರು. ಹಾಗಾಗಿ, ರಸ್ತೆ ಅಗಲವಾಗಬೇಕು, ಜಗಲಿ ಬಿಟ್ಟುಕೊಟ್ಟರೆ ಗಿರಣಿ ಮುಟ್ಟುವುದಿಲ್ಲ ಎಂದು ಪಾಲಿಕೆಯ ಆಫೀಸಿನಿಂದ ಇಬ್ಬರು ಬಂದು ಬಾಯಲ್ಲಿ ಹೇಳಿದಾಗ, ನೋಟಿಸು ಕೊಡಿ ಎನ್ನಲಿಲ್ಲ, ಪರಿಹಾರ ಏನು ಎಂದೂ ಕೇಳಲಿಲ್ಲ. ಪಕ್ಕದ ಸೈಕಲ್ ಶಾಪಿನವರು ಮಾತ್ರ "ಬರವಣಿಗೇಲಿ ತಗೊಂಡು ಬನ್ರೀ" ಎಂದು ಅವರನ್ನು ಸಾಗಹಾಕಿದರು. ಕಾಕಾ ಅವರು ಚಾಚಿದ ಕಾಗದಕ್ಕೆ ಸಹಿ ಹಾಕಿ, ತಾವೇ ಆಳು ಕರೆಸಿ ಜಗಲಿ ಕೀಳಿಸಿದರು.

ಆ ಭಾನುವಾರ ನಾವು ಚೀಲ ಹಿಡಿದು ರಸ್ತೆಯಲ್ಲೇ ನಿಂತಿದ್ದೆವು. ಕಾಕಾ ಹೆಮ್ಮೆಯಿಂದ ಹೇಳಿದರು: "ನಾನು ಒತ್ತುವರಿ ಬಿಟ್ಟುಕೊಟ್ಟೆ ಕಣಮ್ಮಾ. ಆಫೀಸಲ್ಲೇ ಹಂಗೆ ಬರ್ಕೊಂಡಿದ್ದಾರೆ."

ನಾನು ಬೆರಗಾದೆ. ಸರ್ಕಾರದ ಜಾಗ ಹಿಡಿದವರು ಯಾರಾದರೂ ಹೀಗೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರೆಯೇ? ಎಂಥ ನೇರ ಮನುಷ್ಯ ಎಂದುಕೊಂಡು ಸುಮ್ಮನಾದೆ.

ಕೆಲವು ವರ್ಷ ಕಳೆದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ನಿಜವಾದ ರಸ್ತೆ ಅಗಲೀಕರಣ ಬಂತು, ಈ ಸಲ ನೋಟಿಸು ಸಮೇತ. ರಸ್ತೆಯ ನಡುಮಧ್ಯದಿಂದ ಎರಡೂ ಕಡೆಗೆ ಅಳೆದು ಗುರುತು ಹಾಕಿದರು. ಕಾಕಾ ಬಿಟ್ಟ ಜಾಗ ಅಷ್ಟರಲ್ಲಿ ರಸ್ತೆಯೇ ಆಗಿಹೋಗಿತ್ತಲ್ಲ, ಆ ನಡುಮಧ್ಯವೂ ಅವರ ಕಡೆಗೇ ಸರಿದಿತ್ತು. ಕೆಂಪು ಬಣ್ಣದ ಗುರುತು ಬಂದು ಬಿದ್ದದ್ದು ಗಿರಣಿಯ ಒಳಗೋಡೆಯ ಮೇಲೆ. ಸೈಕಲ್ ಶಾಪಿನವರದು ಹಳೆಯ ಜಗಲಿ ಹೋದರೂ ಅಂಗಡಿ ಉಳಿಯುವಂತಿತ್ತು. ಹೋಗುವ ಪ್ರತಿ ಅಡಿಗೂ ಅವರಿಗೆ ಪರಿಹಾರವಿತ್ತು.

ಆಕ್ಷೇಪಣೆ ಹೇಳಿಕೊಳ್ಳುವ ದಿನ, ಓದಿ ಹೇಳಲಿಕ್ಕೆ ಎಂದು ಕಾಕಾ ನನ್ನನ್ನೂ ಕರೆದುಕೊಂಡು ಹೋದರು. ಕೈಯಲ್ಲಿ ಕ್ರಯಪತ್ರ ಇತ್ತು. ಅದರಲ್ಲಿ ಜಗಲಿಯೂ ಸೇರಿದ ಅಳತೆ ಸ್ಪಷ್ಟವಾಗಿತ್ತು. "ಒಂದು ಸಲ ಕೊಟ್ಟಿದ್ದೀನಿ ಸಾರ್. ಅದನ್ನ ಲೆಕ್ಕಕ್ಕೆ ಹಿಡಿದು ಗಿರಣಿ ಉಳಿಸ್ಕೊಡಿ," ಎಂದರು. ಅಧಿಕಾರಿ ಕೆಟ್ಟವರೇನಲ್ಲ. ಹಳೆಯ ಫೈಲು ತರಿಸಿ ನೋಡಿ, ಕಾಗದವನ್ನು ನಮ್ಮ ಕಡೆ ತಿರುಗಿಸಿದರು. "ನೀವು ಕೊಟ್ಟಿಲ್ಲವಲ್ಲ ಯಜಮಾನ್ರೇ. ಒತ್ತುವರಿ ತೆರವು ಮಾಡಿದ್ದೀರ. ನಿಮ್ಮದೇ ಸಹಿ ಇದೆ."

"ಹೌದು ಸಾರ್, ಅದೇ ನಾನು ಹೇಳ್ತಿರೋದೂ," ಎಂದರು ಕಾಕಾ, ಖುಷಿಯಿಂದ.

ನಾನು ಆ ಸಾಲನ್ನು ಇನ್ನೊಮ್ಮೆ ಓದಿದೆ. ಅಧಿಕಾರಿ ನನ್ನ ಮುಖ ನೋಡಿದರು. ಮೆಲ್ಲಗೆ ಕೇಳಿದೆ, "ಕಾಕಾ, ಒತ್ತುವರಿ ಅಂದ್ರ ಏನಂತ ತಿಳಕೊಂಡೀರಿ?"

"ಅದೇಮ್ಮಾ... ನಮ್ಮ ತಮಿಳಲ್ಲಿ ಅಂತೀವಲ್ಲ, ಒತ್ತು ವರ್ರದು. ಒಪ್ಪಿ, ಹೊಂದಿಕೊಂಡು ಹೋಗೋದು. ನಾನು ಒಪ್ಪಿ ಕೊಟ್ಟೆನಲ್ಲ."

ಹೇಳದೆ ವಿಧಿಯಿರಲಿಲ್ಲ. "ಅಲ್ರಿ ಕಾಕಾ. ಮಂದಿ ಜಾಗಾ ನಾವು ಹಿಡ್ಕೊಂಡು ಕುಂತ್ರ ಅದಕ್ಕ ಒತ್ತುವರಿ ಅಂತಾರ್ರಿ."

ಅವರು ಕಾಗದವನ್ನೇ ನೋಡುತ್ತಿದ್ದರು, ಓದಲು ಬಾರದ ಆ ಅಕ್ಷರಗಳನ್ನು... ತಮ್ಮ ಸಹಿಯ ಮೇಲೆ ಬೆರಳಿಟ್ಟು ಹೇಳಿದರು: "ನಾನು ಕೊಟ್ಟಿದ್ದಮ್ಮಾ. ಹಿಡ್ಕೊಂಡಿದ್ದಲ್ಲ."

ಆಮೇಲೆ ಅವರು ಗಿರಣಿಯ ಮಾತೇ ಎತ್ತಲಿಲ್ಲ. "ಗಿರಣಿ ತಗೊಳ್ಳಿ ಸಾರ್. ಆ ಒಂದು ಮಾತು ಹೊಡೆದುಹಾಕಿ, ಕೊಟ್ಟ ಅಂತ ಬರ್ಕೊಳ್ಳಿ," ಎಂದು ಕೈ ಮುಗಿದರು. ಮುಗಿದ ಫೈಲನ್ನು ತಿದ್ದಲು ತಮಗೆ ಅಧಿಕಾರವಿಲ್ಲ, ಕೋರ್ಟಿಗೆ ಹೋಗಿ ಎಂದರು ಅಧಿಕಾರಿ. ವಕೀಲರೊಬ್ಬರು ಕ್ರಯಪತ್ರ ನೋಡಿ ಗೆಲ್ಲಬಹುದು ಎಂದೂ ಹೇಳಿದರು. ಕೇಸು ಹಾಕಿದ್ದೂ ಆಯಿತು. ಆದರೆ ಕೇಸು ತನ್ನ ಪಾಡಿಗೆ ನಡೆಯುತ್ತಿರುವಾಗಲೇ ಗಿರಣಿ ಬಿತ್ತು. ಕಲ್ಲುಗಳನ್ನು ಯಾರೋ ಗುಜರಿಯವರು ಒಯ್ದರು. ದುಡಿಮೆ ನಿಂತು, ಕೇಸಿನ ಖರ್ಚಿಗೆ ಹಿಂದಿನ ಮನೆಯನ್ನೂ ಮಾರಿ, ಕಾಕಾ ಹೆಂಡತಿಯೊಡನೆ ಹೊರಮಾವಿನಲ್ಲಿ ಬಾಡಿಗೆ ಮನೆ ಹಿಡಿದರು. ನಮ್ಮಂತೆ ಅವರೂ ಬಾಡಿಗೆಯವರಾದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೊನೆಯ ಸಲ ಅವರನ್ನು ನೋಡಿದ್ದು ಹೊರಮಾವಿನ ಬಸ್ ಸ್ಟಾಪಿನಲ್ಲಿ. ಹಿಟ್ಟಿಲ್ಲದ ಮೀಸೆ ಪೂರಾ ಬೆಳ್ಳಗಾಗಿತ್ತು, ಮೊದಲಿಗೆ ಗುರುತೇ ಸಿಗಲಿಲ್ಲ. ನನ್ನ ಸಂಸಾರದ ಯೋಗಕ್ಷೇಮ ಕೇಳಿದರು. ಬಸ್ಸು ಬಂದಾಗ ಹತ್ತದೆ ನಿಂತು, "ಅಮ್ಮಾ, ನಿಮ್ಮ ಜನ ಎಲ್ಲಾ ಏನಂದ್ಕೊಂಡ್ರು? ರೋಡ್ ನುಂಗಿದ್ದ ಅಂದ್ರಾ?" ಎಂದು ಕೇಳಿದರು. "ಯಾರೂ ಹಂಗ ಅಂದಿಲ್ರಿ ಕಾಕಾ," ಎಂದೆ. ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ... ಆ ಕೇಸು ಮುಗಿಯುವ ಮೊದಲೇ ತೀರಿಕೊಂಡರು ಎಂದು ಆಮೇಲೆ ಗೊತ್ತಾಯಿತು. ಮಣ್ಣಿಗೆ ಹೋಗಲೂ ಆಗಲಿಲ್ಲ.

ಹಿಟ್ಟು ತಂದ ಮರುದಿನ ಮನಸ್ಸು ತಡೆಯದೆ ಆ ರಸ್ತೆಗೆ ಹೋಗಿ ಬಂದೆ. ಅಗಲವಾಗಿದೆ, ಬಸ್ಸುಗಳು ಸಲೀಸಾಗಿ ತಿರುಗುತ್ತವೆ. ನಾನು ನಿಂತಿದ್ದಾಗಲೇ ಒಂದು ಆಂಬುಲೆನ್ಸ್ ಎಲ್ಲೂ ತಡೆಯಿಲ್ಲದೆ ಹೊರಟುಹೋಯಿತು. ಅದು ಹಾದುಹೋದದ್ದು ಒತ್ತುವರಿ ತೆರವು ಮಾಡಿದ ಜಾಗದ ಮೇಲಲ್ಲ. ಗಿರಣಿ ಕಾಕಾ ಅದನ್ನು ಕೊಟ್ಟಿದ್ದರು. ಆಫೀಸಿನವರು ಬರೆದುಕೊಳ್ಳಲಿಲ್ಲ, ನಾನು ಬರೆದಿದ್ದೇನೆ. ಓದಿ ಹೇಳೋಣವೆಂದರೆ ಅವರಿಲ್ಲ.