ತಮ್ಮನ ಬದುವಿನ ಈಟಿ ಪಡೆ

ಕುಲಗೋಡದ ಲಗಮಣ್ಣನ ಪರಿಚಯ ನನಗಾದದ್ದು ಸಕ್ಕರೆ ಕಾರ್ಖಾನೆಯ ಮುಂದಿನ ಗಾಡಿಗಳ ಪಾಳಿಯಲ್ಲಿ. ನನ್ನದು ತುಕ್ಕಾನಟ್ಟಿ, ಹೆಸರು ಮುತ್ತಪ್ಪ. ಇಬ್ಬರೂ ಟ್ರ್ಯಾಕ್ಟರಿನವರು. ಕಬ್ಬು ಹೇರಿಕೊಂಡು ಹೋಗಿ ಪಾಳಿ ಹಚ್ಚಿದರೆ ತೂಕದ ಕಾಟಾ ಹತ್ತುವಷ್ಟರಲ್ಲಿ ಒಮ್ಮೊಮ್ಮೆ ಇಡೀ ಹಗಲು ಹೋಗುತ್ತದೆ. ಹನ್ನೊಂದು ಹಂಗಾಮು ಒಬ್ಬ ಮನುಷ್ಯನ ಹಿಂದೆ ಮುಂದೆ ನಿಂತರೆ ಅವನ ಹೆಂಡತಿಗೂ ಗೊತ್ತಿರದ ಸಂಗತಿಗಳು ಗೊತ್ತಾಗುತ್ತವೆ. ಗೊತ್ತಾಗದಿದ್ದರೇ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಉಳಿದವರು ಇಸ್ಪೀಟು ಆಡುವರು, ಟ್ರೇಲರಿನ ನೆರಳಿಗೆ ಮಲಗುವರು. ಲಗಮಣ್ಣ ಸೀಟಿನ ಮೇಲೆ ಕಾಲು ಮಡಚಿಕೊಂಡು ಮೊಬೈಲಿನಲ್ಲಿ ರಾಜ್ಯ ಆಳುವನು. ನಲವತ್ತನಾಲ್ಕು ವಯಸ್ಸು, ಅರ್ಧ ನರೆತ ಮೀಸೆ. ಇದೇನು ಹುಡುಗಾಟ ಎಂದು ಮೊದಮೊದಲು ನಾನೂ ನಕ್ಕಿದ್ದೆ. ಅದು ಸರದಿಯ ಆಟ. ನಿಮ್ಮ ಸೈನ್ಯ ನಡೆಸಿ ನೀವು ಬಿಟ್ಟುಕೊಡಬೇಕು, ಆಮೇಲೆ ಎದುರಿನವನ ಸರದಿ. ಅವಸರವಿಲ್ಲ, ಮೂರು ದಿನದೊಳಗೆ ನಡೆಸಿದರಾಯಿತು. ಇವನ ಜೊತೆ ಆಡುತ್ತಿದ್ದವನು ಹುಕ್ಕೇರಿಯಲ್ಲಿದ್ದ ತಮ್ಮ ಪರಶುರಾಮ. ಆಟ ಕಲಿಸಿದವನೂ ಅವನೇ. ಅಣ್ಣತಮ್ಮ ಅಕ್ಕಪಕ್ಕದ ರಾಜರು, ಒಪ್ಪಂದ ಮಾಡಿಕೊಂಡವರು. ವೈರಿಗಳೆಂದರೆ ಮೊಬೈಲೇ ಆಡಿಸುವ ಬೇರೆ ಎರಡು ರಾಜ್ಯಗಳು. ಎರಡು ವರ್ಷದಿಂದ ಅದೊಂದೇ ಆಟ ನಡೆದಿತ್ತು. ತಮ್ಮ ಫೋನು ಮಾಡುವುದು ಬರಬರುತ್ತ ಕಡಿಮೆಯಾಗಿತ್ತು. ನಿಮ್ಮ ಸರದಿ ಎಂದು ಮೊಬೈಲ್ ಗಂಟೆ ಬಾರಿಸಿದರೆ ಲಗಮಣ್ಣನಿಗೆ ಅದೇ ತಮ್ಮನ ಕ್ಷೇಮ ಸಮಾಚಾರ.

ಅವನ ಜಾಣತನವೆಲ್ಲ ಬಡ್ತಿಯಲ್ಲಿತ್ತು. ಅಪ್‌ಗ್ರೇಡ್ ಎನ್ನುವುದಕ್ಕೆ ಅವನಿಟ್ಟ ಹೆಸರು ಅದು. ಆಟ ಶುರುವಾದಾಗ ಎಲ್ಲರ ಕೈಯಲ್ಲೂ ಈಟಿ. ಮುಂದೆ ಈಟಿಯವರನ್ನು ಬಂದೂಕಿನವರನ್ನಾಗಿ, ಬಂದೂಕಿನವರನ್ನು ತೋಪಿನವರನ್ನಾಗಿ ಮಾಡಬಹುದು. ಅದಕ್ಕೆ ಆಟದ ಬಂಗಾರ ಬೇಕು, ಪಡೆ ಸ್ವಂತ ಗಡಿಯೊಳಗೇ ನಿಂತಿರಬೇಕು, ಆ ಸರದಿಗೆ ಅದು ಬೇರೇನೂ ಮಾಡುವಂತಿಲ್ಲ. ಹೊಸ ಪಡೆ ತಂದರೆ ಅಗ್ಗ, ಆದರೆ ಅದಕ್ಕೆ ಅನುಭವದ ಚುಕ್ಕೆ ಇರುವುದಿಲ್ಲ. ಹಳೆಯದಕ್ಕೆ ಬಡ್ತಿ ಕೊಟ್ಟರೆ ಯುದ್ಧದಲ್ಲಿ ಗಳಿಸಿದ ಚುಕ್ಕೆಗಳು ಹಾಗೇ ಉಳಿಯುತ್ತವೆ. ಲಗಮಣ್ಣ ಹೊಸಬರನ್ನು ತರುತ್ತಲೇ ಇರಲಿಲ್ಲ.

“ಕೂಡಿ ಉಂಡವ್ರನ್ನ ಬಿಟ್ಟು ಹೊಸಬರನ್ನ ಹೆಂಗ್ ತರೂದ್ರಿ ಕಾಕಾ?” ಎನ್ನುವನು, ಮನೆಯ ಮಂದಿಯ ಮಾತು ಆಡಿದಂತೆ.

ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಸೀಮೆಸುಣ್ಣದಿಂದ ಗಡಿ ಎಳೆದು, ಈ ಸರದಿಗೆ ಯಾರಿಗೆ ಬಡ್ತಿ, ಮುಂದಿನದಕ್ಕೆ ಯಾರಿಗೆ ಎಂದು ಗುರುತು ಹಾಕುವನು. ಪಡೆಗಳಿಗೆಲ್ಲ ಮನೆಯವರ ಹೆಸರೇ. ಎಲ್ಲಕ್ಕಿಂತ ಹಳೆಯ, ಐದು ಚುಕ್ಕೆಯ ಪಡೆಗೆ ತೀರಿಹೋದ ತಾಯಿಯ ಹೆಸರಿಟ್ಟಿದ್ದ: ಉದ್ದವ್ವ.

ಪೂರ್ವದ ಗಡಿ ತಮ್ಮನ ಕಡೆಯದು. ಅಲ್ಲಿ ಮಾತ್ರ ನಾಲ್ಕು ಈಟಿ ಪಡೆ ಮೊದಲ ದಿನದಿಂದ ಹಾಗೇ ನಿಂತಿದ್ದವು.

“ಅಲ್ಲೂ ಎರಡಾದ್ರೂ ಬಂದೂಕ ಇಡೋ ಲಗಮಣ್ಣಾ,” ಎಂದೆ ಒಮ್ಮೆ.

ಅವನಿಗೆ ಸಿಟ್ಟೇ ಬಂತು. “ತಮ್ಮನ ಬದುವಿಗೆ ಮುಳ್ಳು ಹಚ್ಚೂ ಮನಿತನ ಅಲ್ರಿ ನಮ್ದು.”

ಅದು ಆಟದ ಮಾತಾಗಿರಲಿಲ್ಲ. ಅಣ್ಣತಮ್ಮಂದಿರ ಹೊಲಗಳ ನಡುವೆ ಬೇಲಿ ಹಾಕುವ ಪದ್ಧತಿ ನಿಜಕ್ಕೂ ಅವರಲ್ಲಿಲ್ಲ. ಕುಲಗೋಡದಲ್ಲಿ ರಸ್ತೆಗೆ ಹತ್ತಿದ ಎರಡೆಕರೆ ತಮ್ಮನ ಪಾಲು, ಅದರ ಹಿಂದಿನ ಎರಡೆಕರೆ ಅಣ್ಣನದು. ಒಳ್ಳೆಯ ತುಂಡನ್ನು ತಮ್ಮನಿಗೆ ಬಿಟ್ಟವನು ಲಗಮಣ್ಣನೇ. ಅವನ ಕಬ್ಬು ರಸ್ತೆ ಕಾಣಬೇಕಾದರೆ ತಮ್ಮನ ಹೊಲದ ಅಂಚಿನ ಗಾಡಿದಾರಿಯೊಂದೇ ಗತಿ. ಅಜ್ಜನ ಚಕ್ಕಡಿ ಓಡಾಡಿದ ಆ ದಾರಿ ಯಾವ ಕಾಗದದಲ್ಲೂ ಇರಲಿಲ್ಲ.

ಅಪ್ಪ ಸತ್ತಾಗ ಲಗಮಣ್ಣ ಗೋಕಾಕದಲ್ಲಿ ಪಿಯುಸಿ ಎರಡನೇ ವರ್ಷ. ಪುಸ್ತಕ ಮಡಚಿಟ್ಟು ಬಸ್ಸು ಹತ್ತಿ ಊರಿಗೆ ಬಂದವನು ಮತ್ತೆ ಕಾಲೇಜಿನ ಮುಖ ನೋಡಲಿಲ್ಲ. ಏಳು ವರ್ಷದ ತಮ್ಮನನ್ನು ಹೊಲದಲ್ಲಿ ದುಡಿದು ಓದಿಸಿದ. ಪರಶುರಾಮ ಡಿಪ್ಲೊಮಾ ಮುಗಿಸಿದ, ಭೂಮಿ ಅಳೆಯುವ ಸರ್ವೇಯರ್ ಲೈಸೆನ್ಸ್ ಪಡೆದ, ಹುಕ್ಕೇರಿಯಲ್ಲಿ ಮನೆ ಮಾಡಿದ. ಅಣ್ಣ ಟ್ರ್ಯಾಕ್ಟರಿನ ಮೇಲೆಯೇ ಉಳಿದ. ನಿನಗೆ ಯಾರಪ್ಪಾ ಬಡ್ತಿ ಕೊಡುವವರು ಎಂದು ನಾನು ಕೆಣಕಿದರೆ ನಗುತ್ತಿದ್ದ. “ಇದ್ದ ಬಂಗಾರ ಒಬ್ರಿಗೆ ಆಗೂ ಅಷ್ಟ ಇತ್ರಿ,” ಎನ್ನುತ್ತಿದ್ದ.

ಹೋದ ದೀಪಾವಳಿಗೆ ತಮ್ಮ ಊರಿಗೆ ಬಂದ. ಕೈಯಲ್ಲಿ ಹೊಲ ಹಂಚಿಕೆಯ ವಾಟ್ನಿ ಕಾಗದ, ಅದರ ಜೊತೆ ಸ್ನೇಹಿತನೊಬ್ಬನಿಂದ ಅಳತೆ ಮಾಡಿಸಿದ ನಕಾಶೆ. ಬಾಯಿಮಾತಿನ ಪಾಲನ್ನು ಇನ್ನು ಕಾಗದದಲ್ಲಿ ಇಡೋಣ ಎಂದ. ದಾರಿ ಎಲ್ಲಿ ತೋರಿಸಿದ್ದೀರಿ ಎಂದು ಕೇಳಿದವಳು ಲಗಮಣ್ಣನ ಹೆಂಡತಿ ರಾಯವ್ವ ಒಬ್ಬಳೇ.

“ದಾರಿ ಇದ್ದದ್ದ ಐತೆಲ್ಲ ವೈನಿ, ಅದನ್ನೇನ್ ಬರಿಯೂದು?” ಎಂದನಂತೆ ಪರಶುರಾಮ. ಲಗಮಣ್ಣ ತಮ್ಮನೆದುರಿಗೇ ಹೆಂಡತಿಯನ್ನು ಗದರಿಸಿ, ಮೂಡಲಗಿಯ ನೋಂದಣಿ ಕಚೇರಿಗೆ ಹೋಗಿ, ಓದದೆ ಸಹಿ ಮಾಡಿ ಬಂದ.

ಅದೇ ವಾರ ಆಟದಲ್ಲಿ ತಮ್ಮನ ಉತ್ತರದ ಗಡಿಗೆ ವೈರಿ ನುಗ್ಗಿದ. ಲಗಮಣ್ಣ ಕೂಡಿಟ್ಟ ಬಂಗಾರವನ್ನೆಲ್ಲ ಸುರಿದು ಉದ್ದವ್ವನಿಗೆ ಬಡ್ತಿ ಕೊಟ್ಟ, ತೋಪಿನ ಪಡೆ ಮಾಡಿದ, ತಮ್ಮನಿಗೆ ಉಡುಗೊರೆ ಕಳಿಸಿದ. ಒಪ್ಪಂದದವರು ಹಾಗೆ ಪಡೆ ಕೊಡಬಹುದು. ಆ ಬಂಗಾರದಲ್ಲಿ ಪೂರ್ವದ ಈಟಿಯವರಿಗೆ ಬಡ್ತಿ ಕೊಡುವ ವಿಚಾರವಿತ್ತು. ಅದು ಮತ್ತೆ ಮುಂದಕ್ಕೆ ಹೋಯಿತು.

ಜನವರಿಯ ಒಂದು ಬೆಳಿಗ್ಗೆ ನಾವಿಬ್ಬರೂ ಪಾಳಿಯಲ್ಲಿದ್ದೆವು. ಗಂಟೆ ಬಾರಿಸಿತು. ಲಗಮಣ್ಣ ಚಹಾದ ಕಪ್ಪು ಮಡ್‌ಗಾರ್ಡಿನ ಮೇಲಿಟ್ಟು ಮೊಬೈಲ್ ತೆಗೆದ. ಪರದೆಯನ್ನು ಬೆರಳಿನಿಂದ ಹಿಂದೆ ಮುಂದೆ ಸರಿಸಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿಸಿ ತೋರಿಸಿದ. ಪೂರ್ವದ ನಾಲ್ಕು ಈಟಿ ಪಡೆಗಳಲ್ಲಿ ಒಂದೂ ಉಳಿದಿರಲಿಲ್ಲ. ಅವು ನಿಂತ ಜಾಗದಲ್ಲಿ ತಮ್ಮನ ಬಾವುಟ ಹಿಡಿದ ಪಡೆಗಳಿದ್ದವು. ಎಲ್ಲಕ್ಕಿಂತ ಮುಂದೆ, ಗಡಿ ದಾಟಿ ಒಳಗೆ ಬಂದ ತೋಪಿನ ಪಡೆಯ ಮೇಲೆ ಉದ್ದವ್ವ ಎಂದು ಬರೆದಿತ್ತು.

“ಬೆರಳು ತಪ್ಪಿ ಆಗಿರಬೇಕ್ರಿ,” ಎಂದ. ಬೆರಳು ತಪ್ಪಿ ನಾಲ್ಕು ಪಡೆ ಸಾಯುವುದಿಲ್ಲ ಎಂದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ತಮ್ಮನಿಗೆ ಫೋನು ಹಚ್ಚಿದ. ಆ ಕಡೆಯ ನಗು ನನಗೂ ಕೇಳಿಸಿತು.

“ಆಟ ಐತಿ ಅಣ್ಣಾ, ಇಷ್ಟ್ಯಾಕ ಮನಸಿಗೆ ಹಚ್ಕೊತಿ? ಈ ಕಡಿ ಅಪ್‌ಗ್ರೇಡ್ ಮಾಡದ ಬಿಟ್ಟವ ನೀನ.”

ಲಗಮಣ್ಣ ಹೂಂ ಎಂದು ಫೋನಿಟ್ಟ. ಚಹಾ ಆರಿಹೋಗಿತ್ತು, ಚೆಲ್ಲಿದ.

ಅವನ ಹೊಲದಲ್ಲಿ ಇನ್ನೂ ಎರಡು ಟ್ರೇಲರಿನಷ್ಟು ಕಬ್ಬು ಕಡಿದು ಬಿದ್ದಿತ್ತು. ಒಂದನ್ನು ನನ್ನ ಗಾಡಿಯಲ್ಲಿ ಹೇರುವುದೆಂದು ಮಾತಾಗಿತ್ತು. ಮಧ್ಯಾಹ್ನ ಇಬ್ಬರೂ ಖಾಲಿ ಟ್ರೇಲರ್ ಎಳೆದುಕೊಂಡು ಕುಲಗೋಡಕ್ಕೆ ಹೋದರೆ ಗಾಡಿದಾರಿಯ ಬಾಯಿಗೆ ಕಲ್ಲಿನ ಕಂಬ, ಐದು ಸಾಲು ಮುಳ್ಳುತಂತಿ. ತಂತಿ ಬಿಗಿಯುತ್ತಿದ್ದವರನ್ನು ಕೇಳಿದೆವು. ಪರಶುರಾಮ ತನ್ನ ಎರಡೆಕರೆಯನ್ನು ಪ್ಲಾಟು ಹಾಕುವವನಿಗೆ ಮಾರಿ ಹದಿನೈದು ದಿನವಾಗಿತ್ತು. ಕೊಂಡವನು ಬಂದು ನಕಾಶೆ ಬಿಚ್ಚಿದ. ಅದರಲ್ಲಿ ದಾರಿಯಿರಲಿಲ್ಲ, ಅಣ್ಣನ ಸಹಿಯಿತ್ತು.

“ನಾನೇನ್ ಮಾಡ್ಲಿ ಯಜಮಾನ್ರ? ದಾರಿ ಇದ್ರ ಬರಿಸಬೇಕಾಗಿತ್ತು,” ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ನೋಡಿ ಕೊಂಡಿದ್ದ, ಇವನು ನೋಡದೆ ಕೊಟ್ಟಿದ್ದ.

ಕಡಿದ ಕಬ್ಬು ಕಾಯುವುದಿಲ್ಲ, ದಿನದಿನಕ್ಕೆ ಒಣಗಿ ತೂಕ ಬೀಳುತ್ತದೆ. ಕೊಂಡವನಿಗೆ ಒಂದು ಮಾತು ಹೇಳಿ ನಾಲ್ಕು ದಿನ ತಂತಿ ಬಿಚ್ಚಿಸು ಎಂದು ಕೇಳಲು ಲಗಮಣ್ಣ ತಮ್ಮನಿಗೆ ಆ ದಿನವೂ ಮರುದಿನವೂ ಫೋನು ಮಾಡಿದ. ಎತ್ತಲಿಲ್ಲ. ಕೊನೆಗೆ ಮಗ್ಗುಲಿನ ಕೆಂಚಪ್ಪ ತನ್ನ ಹೊಲದ ಬದುವಿನ ಮೇಲೆ ಹಾಯಲು ಬಿಟ್ಟ. ಆಳು ನಡೆಯುವಷ್ಟು ಬದು ಅದು, ಟ್ರ್ಯಾಕ್ಟರಿಗಲ್ಲ. ಗಾಡಿಗಳನ್ನು ರಸ್ತೆಗೆ ನಿಲ್ಲಿಸಿ ಲಗಮಣ್ಣ, ರಾಯವ್ವ, ಕಡಿಯುವ ಗ್ಯಾಂಗಿನವರು ತಲೆಹೊರೆಯಲ್ಲಿ ಕಬ್ಬು ಸಾಗಿಸತೊಡಗಿದರು. ಈ ವಯಸ್ಸಿನಲ್ಲಿ ನಾನೂ ಹೊತ್ತೆ. ಹೊತ್ತಷ್ಟೂ ಹೊತ್ತು ಪರಶುರಾಮನನ್ನು ಬೈದೆ. ಲಗಮಣ್ಣ ಬೈಯಲಿಲ್ಲ, ಅದಕ್ಕೂ ನನಗೆ ಅವನ ಮೇಲೆ ಸಿಟ್ಟು.

ಮೂರನೆಯ ದಿನ ಮಧ್ಯಾಹ್ನ ಮೊಬೈಲ್ ಬಡಿಯಿತು. ಪರಶುರಾಮ ತಾನಾಗಿ ಮಾಡಿದ್ದ. ಲಗಮಣ್ಣನ ತಲೆಯ ಮೇಲೆ ಹೊರೆಯಿತ್ತು, ಕಣ್ಣಿನಲ್ಲೇ ನನಗೆ ಎತ್ತಲು ಹೇಳಿದ.

“ಅಣ್ಣ ಎಲ್ಲಿ ಅದಾನ್ರಿ? ಅವನ ಸರದಿ ನಾಳೆ ಮುಂಜಾನಿಗೆ ಮುಗಿತೈತಿ, ಇನ್ನೂ ಆಡಿಲ್ಲ.”

“ಕಬ್ಬು ಹೊರಾಕತ್ತಾನ,” ಎಂದೆ.

“ಯಾಕ, ಟ್ರ್ಯಾಕ್ಟರ್ ಕೆಟ್ಟೈತೇನ್ರಿ?”

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಅಷ್ಟರಲ್ಲಿ ಲಗಮಣ್ಣ ಹೊರೆ ಕೆಡವಿ ಮೊಬೈಲ್ ಕಸಿದುಕೊಂಡ. ದಾರಿಯ ಮಾತು ಎತ್ತುತ್ತಾನೆ, ಈಗಾದರೂ ಗದರಿಸುತ್ತಾನೆ ಎಂದು ಕಾದೆ. ರಾಯವ್ವನೂ ಹೊರೆ ಹೊತ್ತೇ ನಿಂತಳು.

“ಪರಸ್ಯಾ, ಆಟ ನೀನ ಗೆದ್ದಿ ತಗೋ,” ಎಂದ. “ಒಂದ್ ಕೆಲಸ ಮಾಡು. ಆ ಪಡೆಗೆ ಇರೂ ಅವ್ವನ ಹೆಸರು ತಗದು ಬಿಡು. ಅಕಿ ಹೆಸರು ಹೊತ್ಕೊಂಡು ನನ್ನ ಮ್ಯಾಲ ಬರಬ್ಯಾಡ.”

ಆ ಕಡೆಯಿಂದ ಏನು ಬಂತೋ ಕೇಳಲಿಲ್ಲ. ಲಗಮಣ್ಣ ಕೆಂಚಪ್ಪನ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬೆವರು ಒರೆಸಿಕೊಂಡ. ಪಡೆಯ ಹೆಸರು ಬದಲಿಸಲು ಸರದಿ ಬೇಕಿಲ್ಲ, ಪಡೆ ಯಾರ ಕೈಯಲ್ಲಿದೆಯೋ ಅವರು ಯಾವಾಗ ಬೇಕಾದರೂ ಬದಲಿಸಬಹುದು. ಸ್ವಲ್ಪ ಹೊತ್ತು ಬಿಟ್ಟು ಆಟ ತೆರೆದು ನೋಡಿದ. ನಾನೂ ಬಗ್ಗಿ ನೋಡಿದೆ. ಉದ್ದವ್ವ ಎಂದಿದ್ದಲ್ಲಿ ತೋಪಿನ ಪಡೆ ಏಳು ಎಂದಿತ್ತು. ಐದು ಚುಕ್ಕೆ ಹಾಗೇ ಇದ್ದವು.

“ತಗದಾನ ನೋಡ್ರಿ ಕಾಕಾ,” ಎಂದ ಲಗಮಣ್ಣ. “ಹೇಳಿದ ಕೂಡ್ಲೆ ತಗದಾನ.”

ಮುಳ್ಳುತಂತಿಯ ಮೇಲೆ ಕೊಂಡವನ ಆಳುಗಳು ಅಂಗಿ ಒಣಹಾಕಿದ್ದರು. ಲಗಮಣ್ಣ ಮೊಬೈಲ್ ಜೇಬಿಗಿಟ್ಟು, ಸಿಂಬಿ ತಲೆಗಿಟ್ಟುಕೊಂಡು, ಹೊರೆಯ ಮುಂದೆ ಬಗ್ಗಿದ. ನಾನು ಎತ್ತಿ ಹೊರಿಸಿದೆ.